ಬಾಯಿಗಷ್ಟೇ ಮರಗಟ್ಟಿಸುವ ಮದ್ದು



ಶಿವಾಜಿನಗರ, ಹಲಸೂರು, ಕೆ.ಆರ್. ಪುರ, ನಾವು ಯಾವ ಬೀದಿಗೆ ಹೋದರೂ ಒಂದು ಮಾತು ಕೇಳಿ ಬರುತ್ತೆ. "ನಮ್ಮತ್ತೆಗೆ ವಯಸ್ಸಾಗಿದೆ. ದವಡೆ ಊದಿದೆ. ಆದರೆ ಹಾರ್ಟು ವೀಕು. ಮತ್ತು ಕೊಟ್ಟರೆ ಮತ್ತೆ ಏಳ್ತಾರೋ ಇಲ್ವೋ! ಅದಕ್ಕೇ ಆಸ್ಪತ್ರೆಗೆ ಕರ್ಕೊಂಡು ಹೋಗಿಲ್ಲ."

ಈ ಭಯ ಸುಳ್ಳಲ್ಲ. ಪೂರ್ತಿ ಮತ್ತು ಕೊಟ್ಟರೆ ವಯಸ್ಸಾದವರ ಹೃದಯಕ್ಕೆ, ಶ್ವಾಸಕೋಶಕ್ಕೆ ಭಾರ ಹೆಚ್ಚು. ಎಚ್ಚರವಾದ ಮೇಲೂ ಕೆಲವರಿಗೆ ಕೆಲವು ದಿನ ಬುದ್ಧಿ ಮಂಕಾಗಿರುತ್ತೆ. ಆದರೆ ಸುಮ್ಮನೆ ಬಿಟ್ಟರೂ ಅಪಾಯವೇ. ಕೆಳಗಿನ ಹಲ್ಲಿನ ಕೀವು ಕುತ್ತಿಗೆಗೆ ಇಳಿದರೆ ಉಸಿರೇ ಕಟ್ಟಬಹುದು. ಹೊಗೆಸೊಪ್ಪು, ಕಡ್ಡಿಪುಡಿ ಹಾಕುವವರ ಬಾಯಿ ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ಅದು ಕ್ಯಾನ್ಸರ್ ಇರಬಹುದು.

ಇದಕ್ಕೆ ಇನ್ನೊಂದು ದಾರಿ ಇದೆ.

ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ನಿಮಗೆಲ್ಲ ಗೊತ್ತು. ಅದು ಶುರುವಾದದ್ದು 1868ರಲ್ಲಿ. ಆ ಕಾಲದಲ್ಲಿ ನೋವಿಲ್ಲದೆ ಕೊಯ್ಯಬೇಕಾದರೆ ಕ್ಲೋರೋಫಾರಂನಂಥ ಮದ್ದು ಮೂಸಿಸಿ ಇಡೀ ಮನುಷ್ಯರನ್ನೇ ಮಲಗಿಸಬೇಕಿತ್ತು. 1884ರಲ್ಲಿ ವಿಯೆನ್ನಾ ಊರಿನ ಡಾಕ್ಟರು ಕಾರ್ಲ್ ಕೊಲ್ಲರ್ ಕೊಕೇನ್ ಹನಿ ಹಾಕಿ ಕಣ್ಣನ್ನಷ್ಟೇ ಮರಗಟ್ಟಿಸಿದರು. ಆದರೆ ಕೊಕೇನ್ ಚಟ ಹಿಡಿಸುವ ವಸ್ತು. 1943ರಲ್ಲಿ ಸ್ವೀಡನ್ ದೇಶದಲ್ಲಿ ಲಿಗ್ನೊಕೇನ್ ತಯಾರಾಯಿತು. ಇವತ್ತಿಗೂ ಹಲ್ಲಿನ ಡಾಕ್ಟರು ಹೆಚ್ಚಾಗಿ ಕೊಡೋ ಇಂಜೆಕ್ಷನ್ ಅದೇ.

ಅದು ಹೇಗೆ ಕೆಲಸ ಮಾಡುತ್ತೆ? ನೋವಿನ ಸುದ್ದಿಯನ್ನು ಮೆದುಳಿಗೆ ಒಯ್ಯುವುದು ನರ. ನರ ಅಂದರೆ ಕರೆಂಟಿನ ವೈರ್ ಇದ್ದ ಹಾಗೆ. ಇಡೀ ಬೀದಿಯ ಕರೆಂಟು ತೆಗೆಯೋದು ಬೇಡ, ಒಂದು ಮನೆಯ ಫ್ಯೂಸ್ ತೆಗೆದರೆ ಸಾಕು. ಬಾಯಿಯ ಒಳಗೆ, ಕೆಳ ದವಡೆಯ ಹಿಂದೆ ಸೂಜಿ ಹಾಕಿದರೆ ಆ ಕಡೆಯ ಹಲ್ಲು, ಕೆಳತುಟಿ, ಅರ್ಧ ನಾಲಿಗೆ ಮರಗಟ್ಟುತ್ತವೆ. ಕಣ್ಣಿನ ಕೆಳಗಿನ ನರಕ್ಕೆ ಹಾಕಿದರೆ ಕೆನ್ನೆ, ಮೇಲ್ತುಟಿ. ಅಜ್ಜಿ ಎಚ್ಚರವಾಗೇ ಇರ್ತಾರೆ. ತಾವೇ ಉಸಿರಾಡ್ತಾರೆ. ಮುಟ್ಟಿದ್ದು, ಒತ್ತಿದ್ದು ಗೊತ್ತಾಗುತ್ತೆ. ಚುರುಕ್ ಅಂತ ನೋವಾದರೆ ಕೈ ಎತ್ತಿ ಹೇಳಬೇಕು. ಆಗ ಡಾಕ್ಟರು ನಿಲ್ಲಿಸಿ ಇನ್ನಷ್ಟು ಮದ್ದು ಹಾಕ್ತಾರೆ.

ಹಲ್ಲು ಕೀಳೋದು, ಸಣ್ಣ ಗಂಟು ತೆಗೆಯೋದು, ಕೆನ್ನೆಯ ಗಾಯ ಹೊಲಿಯೋದು ಹೀಗೇ ಆಗುತ್ತೆ. ದೊಡ್ಡ ಕ್ಯಾನ್ಸರ್ ಆಪರೇಷನ್‌ಗೆ ಮಾತ್ರ ಪೂರ್ತಿ ಮತ್ತು ಬೇಕು. ಕೀವು ತುಂಬಿದ ಜಾಗದಲ್ಲಿ ಈ ಮದ್ದು ಸರಿಯಾಗಿ ಹಿಡಿಯಲ್ಲ. ಅದಕ್ಕೇ ನಾವು ಬೇಗ ಹೋಗಿ ಅನ್ನೋದು.

ಈ ಮದ್ದಿಗೂ ಎಚ್ಚರಿಕೆ ಬೇಕು. ಮದ್ದು ಹೆಚ್ಚು ಹೊತ್ತು ನಿಲ್ಲಲಿ ಅಂತ ಅದಕ್ಕೆ ಅಡ್ರಿನಲಿನ್ ಸೇರಿಸಿರ್ತಾರೆ. ಅದು ಹೆಚ್ಚಾದರೆ ಎದೆ ಡವಡವ ಹೊಡೆದುಕೊಳ್ಳುತ್ತೆ. ಹೃದಯದ ಕಾಯಿಲೆ ಇದೆ ಅಂತ ಹೇಳಿದರೆ ತಾನೆ ಡಾಕ್ಟರು ಅಳತೆ ಕಡಿಮೆ ಮಾಡೋದು? ಬಿಪಿ, ಸಕ್ಕರೆ ಕಾಯಿಲೆ, ಹಿಂದೆ ಮದ್ದು ಒಗ್ಗದೆ ಹೋದದ್ದು, ಯಾವುದನ್ನೂ ಮುಚ್ಚಿಡಬೇಡಿ. ತಮಿಳಾಗಲಿ, ಉರ್ದುವಾಗಲಿ, ನಿಮಗೆ ಬರೋ ಭಾಷೆಯಲ್ಲೇ ಹೇಳಿ.

ಮಾತ್ರೆಯ ಹೆಸರು ಇಂಗ್ಲಿಷಿನಲ್ಲಿ ಇರುತ್ತೆ. ಪರವಾಗಿಲ್ಲ, ಮಾತ್ರೆ ಪಟ್ಟಿಗಳನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ. ಯಾವ ಹೊತ್ತಿಗೆ ಎಷ್ಟು ಮಾತ್ರೆ ಅಂತ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ. ಈಗ ನಿಮಗೆ ಬರೆಯೋಕೆ ಬರುತ್ತಲ್ಲ! ರಕ್ತ ತೆಳುವಾಗೋ ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ. ನಿಲ್ಲಿಸಿದರೆ ಲಕ್ವ ಹೊಡೆಯೋ ಭಯ ಇದೆ. ಬೆಳಗಿನ ತಿಂಡಿ, ಮಾತ್ರೆ ತೆಗೆದುಕೊಳ್ಳಬೇಕೋ ಬೇಡವೋ ಅಂತ ಹಿಂದಿನ ದಿನವೇ ಕೇಳಿ.

ಆಪರೇಷನ್‌ಗೆ ಮುಂಚೆ ಒಪ್ಪಿಗೆ ಪತ್ರ ಕೊಡ್ತಾರೆ. ಹೆಬ್ಬೆಟ್ಟು ಒತ್ತಿ ಬರಬೇಡಿ. ಕನ್ನಡದ ಪತ್ರ ಕೇಳಿ, ಅತ್ತೆಗೆ ಓದಿ ಹೇಳಿ. "ಜಾಗಕ್ಕಷ್ಟೇ ಮರಗಟ್ಟಿಸ್ತೀರಾ, ಪೂರ್ತಿ ಮತ್ತು ಕೊಡ್ತೀರಾ?" ಅಂತ ಕೇಳಿ. ಕೇಳೋದು ನಿಮ್ಮ ಹಕ್ಕು.

ಮನೆಗೆ ಬಂದ ಮೇಲೂ ಎರಡು ಮೂರು ಗಂಟೆ ತುಟಿ ದಪ್ಪಗೆ, ಜೋಮು ಹಿಡಿದ ಹಾಗೆ ಇರುತ್ತೆ. ಆಗ ಬಿಸಿ ಕಾಫಿ ಕೊಡಬೇಡಿ, ಸುಟ್ಟರೂ ಗೊತ್ತಾಗಲ್ಲ. ತುಟಿ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳಿ. ಜೋಮು ಬಿಟ್ಟ ಮೇಲೆ ಆರಿದ ರಾಗಿ ಗಂಜಿ ಕೊಡಿ.