ಕೆಸುವಿನ ಎಲೆಯೂ ಅಮ್ಮನ ಮೊಬೈಲೂ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು ಕೆಸುವಿನ ಎಲೆ ಹಿಡಿದುಕೊಂಡು ಬಂದದ್ದು ಯಾಕೆಂದು ನೀವು ಕೇಳಬಹುದು. ಪತ್ರೊಡೆಗಲ್ಲ.

ಕಳೆದ ಮಳೆಗಾಲದಲ್ಲಿ ರಜೆಗೆ ಬಂದಿದ್ದೆ. ಅಮ್ಮ ಹಟ್ಟಿಯಿಂದ ಬಂದು ಒದ್ದೆ ಕೈಯಲ್ಲಿ ಮೊಬೈಲ್ ಹಿಡಿದರೆ ಅದು ಮಾತೇ ಕೇಳುತ್ತಿರಲಿಲ್ಲ. ಒಂದನ್ನು ಒತ್ತಿದರೆ ಇನ್ನೊಂದು ತೆರೆಯುತ್ತಿತ್ತು. "ಸರಿಯಾಗಿ ಒತ್ತಬೇಕಮ್ಮ, ಎಷ್ಟು ಸಲ ಹೇಳುವುದು?" ಎಂದು ರೇಗಿದೆ. ಅಮ್ಮ ಏನೂ ಹೇಳದೆ ಅದನ್ನು ಸೆರಗಿನಲ್ಲಿ ಒರೆಸಿದರು. ಮರುದಿನ ಹಿರಿಯಡ್ಕ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಾ ಮಳೆಯಲ್ಲಿ ನನ್ನ ಮೊಬೈಲ್ ತೆಗೆದೆ. ಅದೇ ಗತಿ. ಬಿ.ಇ. ಓದಿದವನ ಬೆರಳೂ ಒದ್ದೆಯಾದರೆ ಒದ್ದೆಯೇ.

ತಪ್ಪು ಒತ್ತುವುದರಲ್ಲಿಲ್ಲ. ಗಾಜಿನ ಅಡಿಯಲ್ಲಿ ಕಣ್ಣಿಗೆ ಕಾಣದ, ವಿದ್ಯುತ್ ಹರಿಯುವ ಗೆರೆಗಳ ಬಲೆಯಿದೆ. ಬೆರಳು ತಾಗಿದಾಗ ಅಲ್ಲಿನ ವಿದ್ಯುತ್ ಕ್ಷೇತ್ರ ಚೂರು ಬದಲಾಗುತ್ತದೆ, ಒಳಗಿನ ಚಿಪ್ ಅದನ್ನು ಅಳೆಯುತ್ತದೆ. ಉಗುರಿನ ತುದಿಯಿಂದ ಮುಟ್ಟಿ ನೋಡಿ, ಅದಕ್ಕೆ ಗೊತ್ತೇ ಆಗುವುದಿಲ್ಲ. ಆದರೆ ನೀರು ಬಿದ್ದರೂ ಆ ಕ್ಷೇತ್ರ ಬದಲಾಗುತ್ತದೆ. ಬೆರಳು ಯಾವುದು, ನೀರು ಯಾವುದು ಎಂದು ಸಾಫ್ಟ್‌ವೇರ್ ಊಹಿಸಬೇಕು. ನಾನು ಮಾಡಿದ ಆ್ಯಪ್‌ಗಳನ್ನೆಲ್ಲ ಎ.ಸಿ. ಕೋಣೆಯಲ್ಲಿ, ಒಣ ಬೆರಳಿನಿಂದಲೇ ಪರೀಕ್ಷಿಸಿದ್ದು. ಆಟಿ ತಿಂಗಳ ಹಟ್ಟಿ ನನ್ನ ಪಟ್ಟಿಯಲ್ಲಿರಲಿಲ್ಲ.

ಇದನ್ನು ವಿವರಿಸಿದಾಗ ಅಮ್ಮ ಕೇಳಿದರು: "ಹಾಗಾದರೆ ಕೆಸುವಿನ ಎಲೆಯ ಹಾಗೆ ನೀರು ನಿಲ್ಲದ ಗಾಜು ಮಾಡಲಿಕ್ಕಾಗುವುದಿಲ್ಲವಾ ಮಗಾ?"

ನೋಡಿ, ಎಲೆಯ ಮೇಲೆ ಒಂದು ಚಮಚ ನೀರು ಹಾಕುತ್ತೇನೆ. ಉರುಳಿ ಹೋಯಿತು. ಎಲೆ ನುಣುಪಾಗಿರುವುದರಿಂದ ಹೀಗೆ ಎಂದು ಎಂಟನೇ ತರಗತಿಯಲ್ಲಿ ಕೈ ಎತ್ತಿ ಹೇಳಿದ್ದೆ. ಮಾಸ್ಟ್ರು ನಗಲಿಲ್ಲ. "ಉಜ್ಜಿ ನೋಡಿದ್ದೀಯಾ?" ಎಂದರು. ಉಜ್ಜಿ ನೋಡಲು ನನಗೆ ಇಪ್ಪತ್ತು ವರ್ಷ ಹಿಡಿಯಿತು.

ಎಲೆ ನುಣುಪಾಗಿಲ್ಲ. ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಟ್‌ಲಾಟ್ ತಾವರೆ, ಕೆಸುವಿನಂಥ ಎಲೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಬರೀ ಉಬ್ಬುಗಳು. ಒಂದೊಂದೂ ಸುಮಾರು ಮಿಲಿಮೀಟರಿನ ನೂರನೇ ಒಂದು ಭಾಗ, ಅದರ ಮೇಲೆ ಇನ್ನೂ ಸಣ್ಣ ಮೇಣದ ಹರಳುಗಳು. ನೀರು ಉಬ್ಬಿನ ತುದಿಗೆ ಮಾತ್ರ ತಾಗುತ್ತದೆ, ಸಂದಿಯಲ್ಲೆಲ್ಲ ಗಾಳಿ. ಹನಿ ಉರುಳುವಾಗ ಧೂಳನ್ನೂ ಹೊತ್ತೊಯ್ಯುತ್ತದೆ. ಅವರ ಹೆಸರಾಂತ ಪ್ರಬಂಧ ಬಂದದ್ದು 1997ರಲ್ಲಿ. ಇದೇ ತತ್ತ್ವದ, ಮಳೆಯೇ ತೊಳೆಯುವ ಗೋಡೆ ಬಣ್ಣ 1999ರಲ್ಲಿ ಮಾರುಕಟ್ಟೆಗೆ ಬಂತು.

ಮೊಬೈಲಿಗೆ ಯಾಕಿಲ್ಲ? ಈಗ ಎಲೆಯ ಈ ಮೂಲೆಯನ್ನು ಹೆಬ್ಬೆರಳಿನಿಂದ ಚೆನ್ನಾಗಿ ಉಜ್ಜುತ್ತೇನೆ. ನೀರು ಹಾಕಿದೆ, ನೋಡಿ, ಹರಡಿ ಅಂಟಿಕೊಂಡಿತು. ಮೇಣ ಹೋಯಿತು. ಗಿಡದಲ್ಲಿರುವ ಎಲೆ ಮೇಣವನ್ನು ಮತ್ತೆ ಹುಟ್ಟಿಸಿಕೊಳ್ಳಬಲ್ಲದು, ಗಾಜಿಗೆ ಆ ಜೀವವಿಲ್ಲ. ಮೊಬೈಲನ್ನೋ ನಾವು ದಿನವಿಡೀ ಉಜ್ಜುತ್ತಲೇ ಇರುತ್ತೇವೆ! ಉಬ್ಬು ಸ್ವಲ್ಪ ದೊಡ್ಡದಾದರೂ ಬೆಳಕು ಚದುರಿ ಪರದೆ ಮಂಜಾಗುತ್ತದೆ. ಈಗ ಗಾಜಿಗೆ ಹಚ್ಚುವ ತೆಳುಲೇಪ ನೀರನ್ನು ಹನಿಯಾಗಿಸುತ್ತದೆ, ಆದರೆ ಕೆಸುವಿನಷ್ಟಲ್ಲ, ಅದೂ ಸವೆಯುತ್ತದೆ. ಉಜ್ಜಿದರೂ ಉಳಿಯುವ ಲೇಪಕ್ಕಾಗಿ ಪ್ರಯೋಗಶಾಲೆಗಳಲ್ಲಿ ಇನ್ನೂ ಹುಡುಕಾಟ ನಡೆದಿದೆ. ಅಮ್ಮ ಕೇಳಿದ್ದು ಅದನ್ನೇ.

ಅಮ್ಮ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಅಂದು ರೇಗಿದ್ದಕ್ಕೆ ತಪ್ಪಾಯಿತಮ್ಮ.

ಇನ್ನೊಂದು ಎಲೆ ಈ ಮೇಜಿನ ಮೇಲಿದೆ, ಮಕ್ಕಳು ಬಂದು ಉಜ್ಜಿ ನೋಡಬಹುದು. ಆಮೇಲೆ ಕೈ ತೊಳೆದುಕೊಳ್ಳಿ. ಕೆಸುವಿನೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳಿವೆ, ತುರಿಸೀತು.