ಗದ್ದೆಯ ಮೀನು, ಘಟ್ಟ ಹತ್ತಿದ ಮೀನು

(ಆಯನೂರಿನಲ್ಲಿ ಗೃಹಿಣಿಯರು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಂಜೆಯ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಮೀನಿನ ಸಾರು ಮಾಡುವುದು ಹೇಗೆಂದು ನಿಮಗೆ ಹೇಳಿಕೊಡುವ ಧೈರ್ಯ ನನಗಿಲ್ಲ. ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ಅಜ್ಜಿಯಂದಿರು ಒಲೆಯ ಮುಂದೆ ಕಳೆದಷ್ಟು ವರ್ಷಗಳನ್ನು ನಾನಿನ್ನೂ ಭೂಮಿಯ ಮೇಲೇ ಕಳೆದಿಲ್ಲ. ವರದಿಗಾರರಿಗೆ ಗೊತ್ತಿರುವುದು ಕೇಳುವ ಕೆಲಸ ಮಾತ್ರ. ಹಾಗೆ ಕೇಳಿದ್ದನ್ನೂ ಓದಿದ್ದನ್ನೂ ಜೋಡಿಸಿ ಒಂದು ಪ್ರಶ್ನೆ ಕೇಳಬೇಕೆಂದಿದ್ದೇನೆ. ನಮ್ಮ ಅಡುಗೆಮನೆಗೆ ಮೀನು ಯಾವ ನೀರಿನಿಂದ ಬರುತ್ತದೆ? ಅದು ಬಂದ ದಾರಿಗೂ ನಾವು ಸಾರಿಗೆ ಹಿಂಡುವ ಹುಳಿಗೂ ಏನಾದರೂ ಸಂಬಂಧ ಉಂಟೇ?

ಆಯನೂರು ಕಡಲತೀರದ ಊರಲ್ಲ. ಆದರೆ ಹೊನ್ನಾವರದಿಂದ ಘಟ್ಟ ಹತ್ತಿ, ಸಾಗರ ದಾಟಿ ಶಿವಮೊಗ್ಗಕ್ಕೆ ಹೋಗುವ ಹೆದ್ದಾರಿ ಈ ಊರನ್ನು ಹಾದೇ ಹೋಗುತ್ತದೆ. ಸಮುದ್ರಕ್ಕೂ ನಮಗೂ ಸುಮಾರು 150 ಕಿ.ಮೀ. ಅಂತರ. ಬಂಗುಡೆ, ಭೂತಾಯಿ, ಸಿಗಡಿ ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ಘಟ್ಟ ಹತ್ತಿ ಬರುತ್ತವೆ. ಇದು ಒಂದು ನೀರು. ಅಣೆಕಟ್ಟು ಮತ್ತು ಕೆರೆಗಳಲ್ಲಿ ಬಿಟ್ಟು ಬೆಳೆಸಿದ ಕಾಟ್ಲಾ, ರೋಹು, ಗೌರಿ, ಜಿಲೇಬಿ ಮೀನುಗಳದು ಇನ್ನೊಂದು. ಇವೆರಡಕ್ಕಿಂತ ಹಳೆಯದು ಗದ್ದೆ, ಹಳ್ಳ, ಊರಕೆರೆಗಳ ನೀರು: ಕುಚ್ಚು, ಮುರುಗೋಡು, ಹಾವುಮೀನು, ಸಸಲು, ಜತೆಗೆ ಗದ್ದೆಯ ಬದುವಿನ ಏಡಿ. ಒಬ್ಬೊಬ್ಬ ಅಮ್ಮನ ಕೈಯಲ್ಲಿ ಈ ಮೂರು ನೀರಿನ ಮೀನಿಗೂ ಮೂರು ಬಗೆಯ ಅಡುಗೆ ಇತ್ತು. ಈಗ ಮೂರಕ್ಕೂ ಒಂದೇ ಪೊಟ್ಟಣದ ಮಸಾಲೆ ಬೀಳುತ್ತಿದೆ. ನನಗೆ ಚಿಂತೆ ಹುಟ್ಟಿಸಿರುವುದು ಇದೇ.

ಈ ಅರಿವು ಎಲ್ಲಾದರೂ ಬರಹಕ್ಕೆ ಇಳಿದಿದ್ದರೆ ಅಷ್ಟು ಚಿಂತೆ ಬೇಕಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಯಾವುದು ಕಡಲ ಮೀನು, ಯಾವುದು ಹೊಳೆಯದು, ಯಾವುದಕ್ಕೆ ಎಂಥ ಆಹಾರ ತೋರಿಸಿ ಗಾಳಕ್ಕೆ ಸೆಳೆಯಬೇಕು ಎಂಬುದನ್ನೆಲ್ಲ ಅಲ್ಲಿ ವಿವರಿಸಲಾಗಿದೆ. ಅರಸನ ಊಟದ ಭಾಗದಲ್ಲಿ ಮೀನಿನ ಅಡುಗೆಯೂ ಇದೆ. ಆದರೆ ಅದು ಸಂಸ್ಕೃತ ಗ್ರಂಥ, ಅರಮನೆಯ ಊಟ. ಕನ್ನಡದಲ್ಲೇ ಬರೆದ ಹೆಸರಾಂತ ಪಾಕಗ್ರಂಥವೆಂದರೆ 16ನೇ ಶತಮಾನದ ಆರಂಭದ, ಮೂರನೆಯ ಮಂಗರಸನ ‘ಸೂಪಶಾಸ್ತ್ರ’. ಮಂಗರಸ ಜೈನ, ಅವನ ಒಲೆಯ ಮೇಲೆ ಮೀನು ಏರುವ ಮಾತೇ ಇಲ್ಲ. ಮುರುಗೋಡನ್ನು ಒಲೆಯ ಬೂದಿಯಲ್ಲಿ ಉಜ್ಜಿ ಲೋಳೆ ತೆಗೆಯಬೇಕು, ಹೊಟ್ಟೆ ಸೀಳುವಾಗ ಪಿತ್ತ ಒಡೆದರೆ ಇಡೀ ಸಾರು ಕಹಿಯಾಗುತ್ತದೆ ಎಂಬಂಥ ಪಾಠಗಳು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ, ಮೆಟ್ಟುಗತ್ತಿಯ ಪಕ್ಕದಲ್ಲೇ ದಾಟಿಬಂದವು. ದಾಟಿಸುವವರು ನಿಂತರೆ ಪಾಠವೂ ನಿಂತಂತೆ.

ಈಗ ಹುಳಿಯ ವಿಷಯಕ್ಕೆ ಬರೋಣ. ಕರಾವಳಿಯಲ್ಲಿ ಹುಣಸೆ, ಕೊಡಗಿನಲ್ಲಿ ಕಾಚಂಪುಳಿ, ನಮ್ಮ ಮಲೆನಾಡಿನಲ್ಲಿ ಹುಣಸೆಯ ಜತೆಗೆ ಉಪ್ಪಾಗೆ, ವಾಟೆಹುಳಿ, ಮುರುಗಲು. ಹುಳಿ ಇಲ್ಲದ ಮೀನಿನ ಸಾರು ನಮ್ಮ ಸೀಮೆಯಲ್ಲಿ ಸಿಗುವುದು ಕಷ್ಟ. ನಾಲಿಗೆಯ ಚಪಲ ಎಂದು ಇದನ್ನು ತಳ್ಳಿಹಾಕುವಂತಿಲ್ಲ, ಹಿಂದೆ ಗಟ್ಟಿಯಾದ ರಸಾಯನಶಾಸ್ತ್ರವೇ ಇದೆ. ಸಮುದ್ರದ ಉಪ್ಪುನೀರಿನಲ್ಲಿ ಬಾಳುವ ಮೀನಿನ ಮಾಂಸದಲ್ಲಿ ಒಂದು ವಿಶೇಷ ಸಂಯುಕ್ತ ಇರುತ್ತದೆ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಟ್ರೈಮೀಥೈಲ್ ಅಮೈನ್ ಆಗಿ ಮಾರ್ಪಡಿಸುತ್ತವೆ. ‘ಮೀನು ವಾಸನೆ’ ಎಂದು ಮೂಗು ಮುಚ್ಚಿಕೊಳ್ಳುತ್ತೇವಲ್ಲ, ಅದು ಇದೇ. ಹುಳಿ ತಗುಲಿದಾಗ ಅದು ಗಾಳಿಗೆ ಹಾರಲಾರದ ರೂಪ ತಾಳುತ್ತದೆ, ಮೂಗಿಗೆ ತಲುಪುವುದಿಲ್ಲ.

ಕೆರೆ ಮೀನಿನ ವಾಸನೆಯೇ ಬೇರೆ. ಮೊದಲ ಮಳೆ ಬಿದ್ದ ಮಣ್ಣಿನಿಂದ ಏಳುವ ಪರಿಮಳಕ್ಕೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ಕೆರೆಯ ಪಾಚಿ ಮತ್ತು ಸೂಕ್ಷ್ಮಜೀವಿಗಳೂ ತಯಾರಿಸುತ್ತವೆ. ಅದು ಮೀನಿನ ಮೈ ಸೇರುತ್ತದೆ. ಮಣ್ಣಿನಲ್ಲಿ ಹಿತವೆನಿಸುವ ಆ ವಾಸನೆ ತಟ್ಟೆಯಲ್ಲಿ ‘ಕೆಸರು ವಾಸನೆ’ ಆಗಿಬಿಡುತ್ತದೆ! ಹುಳಿ ಅದನ್ನೂ ಮುರಿಯುತ್ತದೆ. ಅಂದರೆ ರೋಗ ಎರಡು, ಔಷಧ ಒಂದೇ. ಪ್ರಮಾಣ ಮತ್ತು ಸಮಯದಲ್ಲಿ ಮಾತ್ರ ವ್ಯತ್ಯಾಸ. ತಾಜಾ ಕಡಲಮೀನಿಗೆ ಸಾರಿನಲ್ಲಿರುವ ಹುಳಿಯೇ ಸಾಕು. ಕೆರೆಯ ಮೀನನ್ನು ಉಪ್ಪು, ಅರಿಸಿನ, ಹುಳಿನೀರು ಸವರಿ ಅರ್ಧ ಗಂಟೆ ಇಟ್ಟು, ತೊಳೆದು, ಆಮೇಲೆ ಸಾರಿಗೆ ಹಾಕಬೇಕು. ಹಿರಿಯರು ಮೀನಿನ ಸಾರಿಗೆ ಮಣ್ಣಿನ ಮಡಕೆಯೇ ಬೇಕೆಂದು ಹಟ ಹಿಡಿಯುತ್ತಿದ್ದುದಕ್ಕೂ ಹುಳಿಯೇ ಕಾರಣ. ಕಲಾಯಿ ಹೋದ ಹಿತ್ತಾಳೆಯನ್ನೂ ಅಲ್ಯೂಮಿನಿಯಂ ಪಾತ್ರೆಯನ್ನೂ ಹುಳಿ ತಿನ್ನುತ್ತದೆ, ಮಡಕೆಯನ್ನು ಏನೂ ಮಾಡುವುದಿಲ್ಲ.

ಗದ್ದೆ ಮೀನಿನ ಕಥೆ ಸ್ವಲ್ಪ ದೊಡ್ಡದು. ಬೇಸಿಗೆಯಲ್ಲಿ ಕೆರೆ ಬತ್ತುತ್ತ ಬಂದಾಗ ಸಾಗರ, ಸೊರಬ ಸೀಮೆಯಲ್ಲಿ ಕೆರೆಬೇಟೆ ನಡೆಯುತ್ತದೆ. ಊರವರು ದಿನ ಗೊತ್ತು ಮಾಡುತ್ತಾರೆ. ಸುತ್ತಲಿನ ಹಳ್ಳಿಗಳವರು ಕೂಣಿ ಹೊತ್ತು ದಡದಲ್ಲಿ ಕಾಯುತ್ತಾರೆ. ಸೂಚನೆ ಸಿಕ್ಕ ಕೂಡಲೇ ಎಲ್ಲರೂ ಒಟ್ಟಿಗೆ ನೀರಿಗಿಳಿಯುತ್ತಾರೆ. ಕೂಣಿ ಎಂದರೆ ಬಿದಿರಿನಿಂದ ಹೆಣೆದ, ಬುಡದಲ್ಲಿ ಅಗಲವಾಗಿ ಮೇಲೆ ಕಿರಿದಾದ ಬುಟ್ಟಿಯಂಥ ಸಾಧನ. ಅದನ್ನು ಕೆಸರಿಗೆ ಒತ್ತಿ, ಮೇಲಿನ ಬಾಯಿಯಿಂದ ಕೈ ಇಳಿಸಿ, ಒಳಗೆ ಸಿಕ್ಕಿಬಿದ್ದ ಮೀನನ್ನು ಹಿಡಿಯಬೇಕು. 2024ರಲ್ಲಿ ‘ಕೆರೆಬೇಟೆ’ ಎಂಬ ಚಲನಚಿತ್ರವೇ ಬಂದುದರಿಂದ ಬೆಂಗಳೂರಿನವರಿಗೂ ಈ ಹೆಸರು ಪರಿಚಯವಾಯಿತು. ಕುಚ್ಚು, ಮುರುಗೋಡುಗಳು ನೀರಿನಾಚೆಗೂ ಗಾಳಿ ಕುಡಿದು ಬದುಕಬಲ್ಲವು. ಆದ್ದರಿಂದಲೇ ಅವು ಕೆಸರಿನಲ್ಲಿ ಉಳಿಯುತ್ತವೆ, ಮನೆಗೆ ಬಂದ ಮೇಲೂ ಕೊಡದ ನೀರಿನಲ್ಲಿ ದಿನಗಟ್ಟಲೆ ಇರುತ್ತವೆ. ಮಂಜುಗಡ್ಡೆ ಇಲ್ಲದ ಕಾಲದ ತಾಜಾ ಮೀನು ಅದು. (ಒಂದು ಎಚ್ಚರಿಕೆ: ಐದಾರು ಕಿಲೋ ತೂಗುವುದನ್ನು ತೋರಿಸಿ ಯಾರಾದರೂ ಮುರುಗೋಡು ಎಂದರೆ ನಂಬಬೇಡಿ. ಅದು ಆಫ್ರಿಕನ್ ಕ್ಯಾಟ್‌ಫಿಶ್. ಅದರ ಸಾಕಣೆಯನ್ನು ಸರ್ಕಾರ ನಿಷೇಧಿಸಿದೆ.)

ಇನ್ನು ಹತ್ತು ಮೀನು. ಮುಂಗಾರಿನ ಮೊದಲ ಜಡಿಮಳೆಗೆ ಹಳ್ಳ ಕೆಂಪಾಗಿ ಹರಿದಾಗ ಮೀನುಗಳು ಹೊಳೆ ಕೆರೆಗಳಿಂದ ಎದುರುನೀರಿಗೆ ಹತ್ತಿ ಗದ್ದೆ ಸೇರುತ್ತವೆ. ರಾತ್ರಿ ದೀಪ ಹಿಡಿದು, ಕತ್ತಿ ಹಿಡಿದು ಹೋಗುವ ಸಂಭ್ರಮ ನಿಮಗೆಲ್ಲ ಗೊತ್ತಿದ್ದದ್ದೇ. ಆದರೆ ಅವು ಹತ್ತುವುದು ಏತಕ್ಕೆ? ಮೊಟ್ಟೆ ಇಡಲು. ಹೊಟ್ಟೆ ತುಂಬ ತತ್ತಿ ಇರುವ ಮೀನು ಸಾರಿಗೆ ರುಚಿ, ನಿಜ. ಆದರೆ ಒಂದು ಮೀನಿನ ಜತೆ ಸಾವಿರಾರು ಮರಿಗಳೂ ಅದೇ ಮಡಕೆಗೆ ಬೀಳುತ್ತವೆ. ಅದೇ ಹೊತ್ತಿಗೆ ಕಡಲಿನಲ್ಲಿ ಏನು ನಡೆಯುತ್ತದೆ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಮೀನಿನ ಸಂತಾನಕ್ಕೆ ಬಿಡುವು ಸಿಗಲೆಂಬುದು ಆ ನಿಷೇಧದ ಮುಖ್ಯ ಉದ್ದೇಶ. ಮಲ್ಪೆ, ಗಂಗೊಳ್ಳಿಯವರು ದೋಣಿ ಕಟ್ಟಿ ದಡದಲ್ಲಿ ಕೂರುವ ತಿಂಗಳಿನಲ್ಲೇ ನಾವು ಹಳ್ಳಕ್ಕೆ ಅಡ್ಡಗಟ್ಟುತ್ತೇವೆ.

ಹತ್ತು ಮೀನನ್ನು ಕಡಿಯುವವರ ಮೇಲೆ ಎಲ್ಲ ಹೊರೆಯನ್ನೂ ಹೊರಿಸುವುದು ನ್ಯಾಯವಲ್ಲ. ಕಡಿಯುವವರು ಅಜ್ಜನ ಕಾಲದಲ್ಲೂ ಇದ್ದರು, ಮೀನೂ ಇತ್ತು. ಬದಲಾದದ್ದು ಗದ್ದೆ. ಗದ್ದೆಗಳು ಅಡಿಕೆ ತೋಟಗಳಾದವು, ಶುಂಠಿಯ ಪಟ್ಟೆಗಳಾದವು. ಶುಂಠಿಗೆ ಸುರಿದ ಔಷಧ ಮಳೆನೀರಿನ ಜತೆ ಹಳ್ಳಕ್ಕೆ ಇಳಿಯುತ್ತದೆ. ಉಳಿದ ಗದ್ದೆಗೂ ಕಳೆನಾಶಕ ಬಂದಿದೆ. ಮೀನು ಹತ್ತಿ ಬಂದರೂ ಮೊಟ್ಟೆ ಇಡಲು ಜಾಗ ಬೇಕಲ್ಲವೇ? ಮೊದಲ ಮಳೆಯ ಎರಡು ವಾರವಾದರೂ ಕತ್ತಿ ಕೆಳಗಿಡಿ ಎಂದು ಊರು ತಾನಾಗಿ ಒಪ್ಪಿಕೊಂಡರೆ ಒಳ್ಳೆಯದು. ಕೆರೆಬೇಟೆಗೆ ಎಲ್ಲರೂ ಒಂದೇ ಸೂಚನೆಗೆ ಕಾಯುವುದಾದರೆ ಇದಕ್ಕೂ ಕಾಯಬಹುದು.

ಸಾಕುಮೀನಿನ ಕಥೆ ಚಿಕ್ಕದು. ಕಾಟ್ಲಾ, ರೋಹು, ಮೃಗಾಲ್ ಗಂಗಾ ಬಯಲಿನವು. ನಿಂತ ನೀರಿನಲ್ಲಿ ಅವು ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಹಾರ್ಮೋನು ಚುಚ್ಚಿ ಈ ಜಾತಿಯ ಮೀನಿನಿಂದ ಮೊಟ್ಟೆ ಇಡಿಸಿದ ಮೇಲೆ ದೇಶದ ಎಲ್ಲ ಕಡೆಗೂ ಮರಿ ಸಿಗುವಂತಾಯಿತು. ನಮ್ಮ ಭದ್ರಾವತಿ ಪಕ್ಕದ ಬಿ.ಆರ್. ಪ್ರಾಜೆಕ್ಟ್‌ನಲ್ಲೂ ಮೀನುಮರಿ ಕೇಂದ್ರ ಇದೆ. ಈ ಮೀನುಗಳ ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳುಗಳಿರುತ್ತವೆ. ಮಕ್ಕಳಿಗೆ ಕೊಡುವಾಗ ಬಾಲದ ಭಾಗ ಬಿಟ್ಟು ಹೊಟ್ಟೆಯ ಭಾಗ ಕೊಡಿ, ಅಲ್ಲಿ ಮುಳ್ಳು ದೊಡ್ಡವು, ಕಣ್ಣಿಗೆ ಕಾಣುತ್ತವೆ. ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನು ಉಜ್ಜಿ ತೆಗೆಯಿರಿ. ಕಹಿ, ಕೆಸರು ವಾಸನೆ ಎರಡೂ ಅರ್ಧ ಕಡಿಮೆಯಾಗುತ್ತವೆ.

ಘಟ್ಟ ಹತ್ತಿ ಬರುವ ಮೀನಿನಲ್ಲಿ ನೋಡಬೇಕಾದದ್ದು ಬೇರೆ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದ ಗುಳಿ ಮೇಲೆದ್ದು ಬರಬೇಕು. ಇದು ನಿಮಗೆ ಗೊತ್ತು. ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಬಂಗುಡೆ, ಭೂತಾಯಿಯಂಥ ಕಪ್ಪು ಮಾಂಸದ ಮೀನು ಮಂಜುಗಡ್ಡೆ ಇಲ್ಲದೆ ಬಿಸಿಲಲ್ಲಿ ಇದ್ದರೆ ಅದರಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪೇರುವುದು, ಮೈ ತುರಿಕೆ, ತಲೆನೋವು, ವಾಂತಿ. ಎಷ್ಟು ಕುದಿಸಿದರೂ, ಎಷ್ಟು ಖಾರ ಹಾಕಿ ಕರಿದರೂ ಅದು ನಾಶವಾಗುವುದಿಲ್ಲ. ಮಂಜುಗಡ್ಡೆ ಕರಗಿ ಹೋದ ಬುಟ್ಟಿಯ ಬಂಗುಡೆಯನ್ನು ಸಂಜೆ ಅರ್ಧ ಬೆಲೆಗೆ ತರುವುದು ಲಾಭದ ಬಾಬತ್ತಲ್ಲ.

ಸಾರಿನ ಲೆಕ್ಕ ಹೇಳಿ ಎಂದು ವಿದ್ಯಾರ್ಥಿನಿಯೊಬ್ಬರು ಚೀಟಿ ಕಳಿಸಿದ್ದಾರೆ. ನಾನು ಕೇಳಿ ಬರೆದುಕೊಂಡದ್ದು ಇಷ್ಟು. ಒಂದು ಕಿಲೋ ಮೀನಿಗೆ ಹನ್ನೆರಡು ಬ್ಯಾಡಗಿ ಮೆಣಸಿನಕಾಯಿ, ಎರಡು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಹತ್ತು ಕಾಳುಮೆಣಸು, ಕಾಲು ಚಮಚ ಮೆಂತೆ. ಇವನ್ನು ಹುರಿದು, ಅರ್ಧ ತೆಂಗಿನಕಾಯಿ, ಏಳೆಂಟು ಬೆಳ್ಳುಳ್ಳಿ ಎಸಳು, ನಿಂಬೆ ಗಾತ್ರದ ಹುಣಸೆ ಸೇರಿಸಿ ನುಣ್ಣಗೆ ರುಬ್ಬಬೇಕು. ಮಸಾಲೆ ಹತ್ತು ನಿಮಿಷ ಚೆನ್ನಾಗಿ ಕುದಿದ ಮೇಲೆಯೇ ಮೀನು ಹಾಕುವುದು. ಕೋಳಿ, ಕುರಿಯ ಮಾಂಸದಂತೆ ಮೀನಿನಲ್ಲಿ ಗಟ್ಟಿ ನಾರಿಲ್ಲ. ಸಣ್ಣ ಉರಿಯಲ್ಲಿ ಏಳೆಂಟು ನಿಮಿಷಕ್ಕೆ ಬೆಂದುಬಿಡುತ್ತದೆ, ಹೆಚ್ಚಾದರೆ ಹತ್ತಿಯಂತಾಗುತ್ತದೆ. ಮೀನು ಬಿದ್ದ ಮೇಲೆ ಸೌಟು ಆಡಿಸಬಾರದು. ಬಟ್ಟೆಯಿಂದ ಮಡಕೆಯ ಕಂಠ ಹಿಡಿದು ಕುಲುಕಬೇಕು.

ಚಿಪ್ಪಿನ ಜೀವಿಗಳಿಗೆ ನಿಯಮ ಇನ್ನೂ ಬಿಗಿ. ಸಿಗಡಿಯ ಬೆನ್ನಿನ ಕಪ್ಪು ನರ ತೆಗೆಯಿರಿ. ಬಿಸಿಗೆ ಅದು ಕೆಂಪಾಗುವುದು ಚಿಪ್ಪಿನ ಬಣ್ಣವನ್ನು ಹಿಡಿದಿಟ್ಟಿದ್ದ ಪ್ರೋಟೀನು ಸಡಿಲವಾಗುವುದರಿಂದ. ಕೆಂಪಾಗಿ ಸುರುಳಿಕೊಂಡರೆ ಮೂರು ನಾಲ್ಕು ನಿಮಿಷಕ್ಕೇ ಇಳಿಸಬಹುದು. ಮರುವಾಯಿ, ಬಳಚು ತಂದರೆ ಉಪ್ಪುನೀರಿನಲ್ಲಿ ನೆನೆಹಾಕಿ ಮರಳು ಬಿಡಿಸಿ. ಬೇಯಿಸುವ ಮೊದಲು ಬಾಯಿ ತೆರೆದಿದ್ದು, ತಟ್ಟಿದರೂ ಮುಚ್ಚದಿದ್ದರೆ ಅದು ಸತ್ತಿದೆ ಎಂದರ್ಥ. ಬೆಂದ ಮೇಲೂ ಬಾಯಿ ಬಿಡದಿದ್ದರೆ ಅದನ್ನೂ ಎಸೆಯಿರಿ. ಸಿಗಡಿ, ಏಡಿ ತಿಂದು ಒಮ್ಮೆ ಮೈ ದದ್ದು ಎದ್ದವರು ‘ಚೆನ್ನಾಗಿ ಬೇಯಿಸಿದೆ, ಏನಾಗದು’ ಎಂದು ಮತ್ತೆ ಪರೀಕ್ಷಿಸಬಾರದು. ಆ ಅಲರ್ಜಿಗೆ ಕಾರಣವಾದ ಪ್ರೋಟೀನು ಬೇಯಿಸಿದರೂ ಉಳಿಯುತ್ತದೆ.

ಕೊನೆಗೆ ನಮ್ಮ ಗದ್ದೆ ಏಡಿ. ಕಾಲುಗಳನ್ನು ಒರಳಲ್ಲಿ ಜಜ್ಜಿ, ರಸ ಸೋಸಿ ಮಾಡುವ ಏಡಿಸಾರು ಮಳೆಗಾಲದ ನೆಗಡಿಗೆ ಮದ್ದು ಎಂಬ ನಂಬಿಕೆ ಇದೆ. ಮದ್ದು ಹೌದೋ ಅಲ್ಲವೋ, ರುಚಿಯಂತೂ ಹೌದು. ಆದರೆ ಆ ರಸವನ್ನು ಪೂರ್ತಿ ಕುದಿಸದೆ ಯಾರಿಗೂ ಕೊಡಬೇಡಿ. ಮಣಿಪುರ, ನಾಗಾಲ್ಯಾಂಡ್, ಅರುಣಾಚಲಗಳಲ್ಲಿ ಅರೆಬೆಂದ ಹಳ್ಳದ ಏಡಿಯಿಂದ ಶ್ವಾಸಕೋಶಕ್ಕೆ ಹುಳು ಸೇರಿ, ಕ್ಷಯದಂತೆ ಕೆಮ್ಮಿನಲ್ಲಿ ರಕ್ತ ಬೀಳುವ ಕಾಯಿಲೆ ಇದೆ. ಕೊರಿಯಾದಲ್ಲಿ ಒಂದು ಕಾಲಕ್ಕೆ ದಡಾರ ಬಂದ ಮಕ್ಕಳಿಗೆ ಹಸಿ ರಸವನ್ನೇ ಔಷಧವೆಂದು ಕುಡಿಸಿ ಈ ರೋಗ ಹರಡಿತ್ತು. ನಮ್ಮ ಅಜ್ಜಿಯಂದಿರು ಸೋಸಿದ ರಸವನ್ನು ಮಸಾಲೆಯೊಡನೆ ಕೊತಕೊತ ಕುದಿಸುತ್ತಿದ್ದರು, ಜಜ್ಜಿದ ಒರಳನ್ನು ಬಿಸಿನೀರಿನಲ್ಲಿ ತೊಳೆಯದೆ ಮತ್ತೇನನ್ನೂ ರುಬ್ಬುತ್ತಿರಲಿಲ್ಲ. ಔಷಧ ಹೊಡೆದ ಹೊಲದ ಬದುವಿನ ಏಡಿಯನ್ನಂತೂ ಮುಟ್ಟಬೇಡಿ, ಹರಿಯುವ ಹಳ್ಳದ್ದಾದರೆ ವಾಸಿ. ಸಾರು ಉಳಿದರೆ ರಾತ್ರಿ ಒಮ್ಮೆ ಕುದಿಸಿ, ಆರಿದ ಮೇಲೆ ತಂಗಳುಪೆಟ್ಟಿಗೆಯಲ್ಲಿಡಿ. ಮರುದಿನ ಮತ್ತೊಮ್ಮೆ ಕುದಿ ಬರಿಸಿ. ಅಷ್ಟು ಹೊತ್ತಿಗೆ ಹುಳಿ, ಖಾರ ಒಳಗೆ ಇಳಿದಿರುತ್ತದೆ, ಅಕ್ಕಿ ಕಡುಬಿಗೆ ಮೊದಲ ದಿನದ್ದಕ್ಕಿಂತ ಅದೇ ಹೊಂದುತ್ತದೆ.