ಹಸಿರು ಟವೆಲ್ಲಿನ ಪಕ್ಷ ಯಾಕೆ ಹುಟ್ಟಿತು, ಯಾಕೆ ಬೆಳೆಯಲಿಲ್ಲ

(ಅರಸೀಕೆರೆ ಕಡೆಯ ರೈತರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ)



ನಾನು ಭಾಷಣಕಾರನಲ್ಲ. ಊರಿನ ಹೈಸ್ಕೂಲು ಮುಗಿಸಿ ನೇಗಿಲು ಹಿಡಿದವನು. ಸಭೆಗೆ ಬಂದವರು ಕೇಳಿದ್ದೀರಿ, ಬರದವರು ಈಗ ಓದಿರಿ.

ನನಗೆ ಹತ್ತು ಹನ್ನೊಂದು ವರ್ಷ ಇದ್ದಾಗ ನಮ್ಮ ಮನೆಗೆ ಜಪ್ತಿಯವರು ಬಂದರು. ಅಪ್ಪ ಬಾವಿ ತೋಡಿಸಲು ಸಾಲ ಮಾಡಿದ್ದರು. ಬಾವಿಯಲ್ಲಿ ನೀರು ಬೀಳಲಿಲ್ಲ, ಬಡ್ಡಿ ಮಾತ್ರ ನಿಲ್ಲಲಿಲ್ಲ. ಸಾಲ ಕೊಟ್ಟ ಸಂಸ್ಥೆ ಯಾವುದು ಅನ್ನೋದು ಈಗ ಬೇಡ. ಬಂದವರು ಹಿತ್ತಾಳೆ ಹಂಡೆ, ಎರಡು ಕೊಳಗ ಹೊರಗಿಟ್ಟರು. ಆಮೇಲೆ ಬಾಗಿಲು ಕಿತ್ತರು. ಹಂಡೆ ಹೋದದ್ದಕ್ಕೆ ಅವ್ವ ಅಳಲಿಲ್ಲ ಕಣ್ರೀ, ಬಾಗಿಲು ಹೋದದ್ದಕ್ಕೆ ಅತ್ತಳು. ಆ ರಾತ್ರಿ ಗೋಣಿತಾಟು ಕಟ್ಟಿಕೊಂಡು ಮಲಗಿದೆವು. ಅಪ್ಪ ಒಂದು ತಿಂಗಳು ಅರಳಿಕಟ್ಟೆ ಕಡೆಗೇ ಹೋಗಲಿಲ್ಲ.

ಇಂಥ ಬಾಗಿಲುಗಳು ನಾಡಿನ ತುಂಬ ಇದ್ದವು. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನಲ್ಲಿ ನೀರು ಸರಿಯಾಗಿ ತಲುಪುವ ಮುಂಚೆಯೇ ಜಮೀನು ಉದ್ಧಾರವಾಯಿತು ಅಂತ ಅಭಿವೃದ್ಧಿ ಕರ ಹೇರಿದರು. ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಸಿಡಿದೆದ್ದರು, ಗೋಲಿಬಾರ್ ಆಯಿತು, ರೈತರು ಸತ್ತರು. ನರಗುಂದದಲ್ಲಿ ಪೊಲೀಸ್ ಅಧಿಕಾರಿಯೂ ಸತ್ತರು, ಅದನ್ನು ಮುಚ್ಚಿಡಬಾರದು. ಅತ್ತ ಶಿವಮೊಗ್ಗದಲ್ಲಿ ಕಬ್ಬು ಬೆಳೆಗಾರರು ಮೊದಲೇ ಸಂಘಟನೆಯಾಗಿದ್ದರು. ಅದೇ ವರ್ಷ ಅಲ್ಲಿಂದ ಕರ್ನಾಟಕ ರಾಜ್ಯ ರೈತ ಸಂಘ ಎದ್ದಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳ್ ಶಾಮಣ್ಣ, ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿ, ಇವರೆಲ್ಲ ಅದನ್ನು ಕಟ್ಟಿದವರು.

ಸಂಘ ಏನು ಮಾಡಿತು ಅಂತೀರಾ? ಊರ ಬಾಗಿಲಲ್ಲಿ ಬೋರ್ಡು ಹಾಕಿಸಿತು, ಅಪ್ಪಣೆ ಇಲ್ಲದೆ ಸಾಲ ವಸೂಲಿಯವರು, ಅಧಿಕಾರಿಗಳು ಒಳಗೆ ಬರಕೂಡದು ಅಂತ. ಜಪ್ತಿ ಮಾಡಿದ ಸಾಮಾನನ್ನು ಜನ ಗುಂಪಾಗಿ ಹೋಗಿ ವಾಪಸು ತಂದರು. ಅದಕ್ಕೆ ಮರುಜಪ್ತಿ ಅಂತ ಹೆಸರು. ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ ಅಂತ ಸಂಘ ಹೇಳಿತು. ಆ ಮಾತು ಕೇಳಿದ ಮೇಲೆ ನಮ್ಮಪ್ಪ ಮತ್ತೆ ಅರಳಿಕಟ್ಟೆಗೆ ಹೋದರು.

ಈ ಬಾಕಿಯ ಮಾತು ಬರೀ ಘೋಷಣೆ ಅಂದುಕೊಳ್ಳಬೇಡಿ. ನನ್ನದೇ ಲೆಕ್ಕ ಹೇಳುತ್ತೇನೆ. ತೆಂಗಿನಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಉಂಡೆ ಕೊಬ್ಬರಿ ಆಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಆ ವರ್ಷದ ಬಡ್ಡಿ ನಮ್ಮದು. ಕೀಳುವ ಕೂಲಿ, ಸುಲಿಯುವ ಕೂಲಿ ನಮ್ಮದು. ನುಸಿ ರೋಗ, ಕಪ್ಪುತಲೆ ಹುಳು ಬಂದರೆ ಅದೂ ನಮ್ಮದೇ. 2023ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಸಾರಿತ್ತು. ನನ್ನ ಕೊಬ್ಬರಿ ಅಟ್ಟ ಇಳಿಯುವ ಹೊತ್ತಿಗೆ ಖರೀದಿ ಗಡುವು ಮುಗಿದಿತ್ತು. ಆರು ಕ್ವಿಂಟಾಲನ್ನು 8,000ಕ್ಕೆ ಕೊಟ್ಟು ಬಂದೆ. ಕ್ವಿಂಟಾಲಿಗೆ 3,750 ಖೋತಾ, ಆರಕ್ಕೆ 22,500. ಈ ಹಣ ಯಾರು ನನಗೆ ಬಾಕಿ? 2025ರಲ್ಲಿ ಪೇಟೆ ಇಪ್ಪತ್ತು ಸಾವಿರ ದಾಟಿತು, ನಿಜ. ಆಗ ಎಷ್ಟು ಜನರ ಅಟ್ಟದಲ್ಲಿ ಕೊಬ್ಬರಿ ಇತ್ತು, ನೀವೇ ಹೇಳಿ.

ಹಾಗಾದರೆ ಚಳವಳಿ ಸಾಲದೆ? ಪಕ್ಷ ಯಾಕೆ ಬೇಕಾಯಿತು? ಬೆಲೆ ಗೊತ್ತುಮಾಡುವುದು ಸರ್ಕಾರ, ಆಮದು ಬಿಡುವುದು ಸರ್ಕಾರ, ಸಾಲದ ಕಾನೂನು ಮಾಡುವುದು ವಿಧಾನಸಭೆ. ಹೊರಗೆ ನಿಂತು ಕೂಗಿದರೆ ಒಳಗೆ ಕೂತವರು ಕಿಟಕಿ ಹಾಕಿಕೊಳ್ಳುತ್ತಾರೆ. 1983ರಲ್ಲಿ ರೈತರ ಸಿಟ್ಟೂ ಸೇರಿ ಗುಂಡೂರಾಯರ ಸರ್ಕಾರ ಬಿತ್ತು, ಆದರೆ ಬೀಳಿಸುವುದು ಬೇರೆ, ಕಟ್ಟುವುದು ಬೇರೆ. 1989ರ ಚುನಾವಣೆಯಲ್ಲಿ ಸಂಘಕ್ಕೆ ಸಿಕ್ಕಿದ್ದು ಎರಡೇ ಸ್ಥಾನ, ಕಿತ್ತೂರು ಮತ್ತು ಧಾರವಾಡ ಗ್ರಾಮಾಂತರ. ಎರಡರಲ್ಲೂ ಗೆದ್ದವರು ಬಾಬಾಗೌಡ ಪಾಟೀಲರೊಬ್ಬರೇ! ಅವರು ಬಿಟ್ಟ ಧಾರವಾಡದಿಂದ ಪ್ರೊಫೆಸರ್ ಒಳಗೆ ಹೋದರು. 1994ರಲ್ಲಿ ಪಾಂಡವಪುರದಿಂದ ಕೆ.ಎಸ್. ಪುಟ್ಟಣ್ಣಯ್ಯ ಒಬ್ಬರೇ ಗೆದ್ದರು. ಆಮೇಲೆ ಬಾಬಾಗೌಡರು ಬಿಜೆಪಿ ಸೇರಿದರು. ಸಂಘ ಬಣ ಬಣವಾಗಿ ಒಡೆಯಿತು. 2004ರ ಫೆಬ್ರವರಿಯಲ್ಲಿ ಪ್ರೊಫೆಸರ್ ತೀರಿಕೊಂಡರು.

2005ರಲ್ಲಿ ದೇವನೂರ ಮಹಾದೇವ ಮುಂತಾದವರು ಮುಂದೆ ನಿಂತು ಸರ್ವೋದಯ ಕರ್ನಾಟಕ ಪಕ್ಷ ಮಾಡಿದರು. ಇದರಲ್ಲಿ ನನಗೆ ಹಿಡಿಸಿದ್ದು ಒಂದು ಸಂಗತಿ: ಹಸಿರು ಟವೆಲ್ಲಿನವರೂ ದಲಿತ ಚಳವಳಿಯವರೂ ಒಂದೇ ಜಮಖಾನೆ ಮೇಲೆ ಕೂತರು. ನಾವು ಜಮೀನಿದ್ದವರು ಇದನ್ನು ಸುಮ್ಮನೆ ದಾಟಿ ಹೋಗಬಾರದು. ನಮಗೆ ಬೆಲೆ ಬೇಕು ಅನ್ನುತ್ತೇವೆ, ಕಾಯಿ ಸುಲಿಯಲು ಬಂದವನ ಕೂಲಿಯ ಮಾತು ಬಂದರೆ ಮುಖ ತಿರುಗಿಸುತ್ತೇವೆ. ಅವನು ನಮ್ಮ ಜೊತೆ ಯಾಕೆ ಬಂದಾನು?

ಈ ಪಕ್ಷದಿಂದ ಪುಟ್ಟಣ್ಣಯ್ಯ 2013ರಲ್ಲಿ ಮೇಲುಕೋಟೆಯಲ್ಲಿ ಗೆದ್ದರು. 2017ರಲ್ಲಿ ಪಕ್ಷ ಸ್ವರಾಜ್ ಇಂಡಿಯಾ ಜೊತೆ ಸೇರಿತು. 2018ರಲ್ಲಿ ಪುಟ್ಟಣ್ಣಯ್ಯ ಹೋಗಿಬಿಟ್ಟರು, ಅದೇ ವರ್ಷ ಮಗ ದರ್ಶನ್ ಸೋತರು. 2023ರಲ್ಲಿ ಸರ್ವೋದಯದ ಹೆಸರಿನಲ್ಲೇ ಗೆದ್ದರು, ಅಲ್ಲಿ ಕಾಂಗ್ರೆಸ್ ಅಭ್ಯರ್ಥಿ ಹಾಕದೆ ಬೆಂಬಲ ಕೊಟ್ಟಿತು. ಅಂದರೆ ನಲವತ್ತು ವರ್ಷಕ್ಕೂ ಮೇಲಾಗಿ 224ರಲ್ಲಿ ಒಂದು ಸೀಟು, ಅದೂ ಇನ್ನೊಬ್ಬರ ಹೆಗಲಿನ ಆಸರೆಯಲ್ಲಿ.

ತಪ್ಪು ಬರೀ ನಾಯಕರದ್ದೇ? 1994ರಲ್ಲಿ ನಾನೇನು ಮಾಡಿದೆ ಹೇಳುತ್ತೇನೆ. ನಮ್ಮ ಹಾಸನ ಜಿಲ್ಲೆಯವರೇ ಮುಖ್ಯಮಂತ್ರಿ ಆಗುತ್ತಾರೆ ಅಂತ ಊರೆಲ್ಲ ಕುಣಿಯಿತು. ನಾನೂ ಟವೆಲ್ ಮಡಚಿ ಪೆಟ್ಟಿಗೆಯಲ್ಲಿಟ್ಟು ಆ ಗಾಳಿಯ ಜೊತೆ ಹೋದೆ. ಓಟು ಹಾಕಿ ಬಂದ ಸಂಜೆ ಅಪ್ಪ ಏನೂ ಕೇಳಲಿಲ್ಲ. ಬಾಗಿಲ ಕಡೆ ನೋಡಿದರು, ಅಷ್ಟೆ. ನಮ್ಮ ಜಿಲ್ಲೆಯವರು ಮುಖ್ಯಮಂತ್ರಿ ಆದರು, ಪ್ರಧಾನಿಯೂ ಆದರು. ಹೆಮ್ಮೆಯೇ, ಇಲ್ಲ ಅನ್ನಲಾರೆ. ಆದರೆ ಕೊಬ್ಬರಿ, ಆಲೂಗಡ್ಡೆಯ ಬೆಲೆ ಗೊತ್ತುಮಾಡುವ ರೀತಿ ಬದಲಾಯಿತೆ?

ಬೇಲೂರು, ಹಳೇಬೀಡಿನವರನ್ನು ಕೇಳಿ. ಜಲಂಧರದಿಂದ ಬಂದ ಬಿತ್ತನೆ ಆಲೂಗಡ್ಡೆಗೆ ಸಾಲ ಮಾಡಿ ಸುರಿದು, ಅಂಗಮಾರಿಗೆ ಕಳಕೊಂಡವರು ಎಷ್ಟು ಜನ! ಆದರೆ ಅದೇ ಹಳೇಬೀಡು, ಮಾದೀಹಳ್ಳಿ ಕಡೆಯವರು ದ್ವಾರಸಮುದ್ರದ ಕೆರೆಗೆ ರಣಘಟ್ಟದಿಂದ ನೀರು ತನ್ನಿ ಅಂತ ವರ್ಷಗಟ್ಟಲೆ ಹೋರಾಡಿದರು. ಜಾತಿ, ಪಾರ್ಟಿ ಬಿಟ್ಟು ಒಟ್ಟಿಗೆ ಕೂತದ್ದರಿಂದಲೇ ಆ ಯೋಜನೆ ಸರ್ಕಾರದ ಕಡತಕ್ಕೆ ಬಂತು. ಧರಣಿಯಲ್ಲಿ ಒಟ್ಟಿಗೆ ಕೂರುವವರು ಓಟಿನ ದಿನ ಬೇರೆ ಬೇರೆ ಜೀಪು ಹತ್ತುತ್ತೇವಲ್ಲ, ನನ್ನ ತಕರಾರು ಅದು.

ಈ ಪಕ್ಷಕ್ಕೇ ಓಟು ಹಾಕಿ ಅಂತ ಕೇಳಲು ಬಂದಿಲ್ಲ. ನಮ್ಮ ಕಡೆ ನಿಲ್ಲುವವರೇ ಇಲ್ಲದಿರಬಹುದು. ಆದರೆ ಓಟು ಕೇಳಲು ಯಾರು ಬಂದರೂ ಅಂಗಳದಲ್ಲಿ ನಿಲ್ಲಿಸಿ ಖರ್ಚಿನ ಚೀಟಿ ತೋರಿಸಿ. ಬಿತ್ತನೆ, ಗೊಬ್ಬರ, ಕೂಲಿ, ಬಡ್ಡಿ, ಮನೆ ಹೆಂಗಸರ ದುಡಿಮೆ, ಎಲ್ಲ ಬರೆದ ಚೀಟಿ. ಅದರ ಮೇಲೆ ಎಷ್ಟು ಕೊಡಿಸುತ್ತೀರಿ ಅಂತ ಕೇಳಿ. ಹಣ ಹಂಚಲು ಬಂದರೆ ಅದರ ಪಕ್ಕದಲ್ಲೇ ನಿಮ್ಮ ಬಾಕಿ ಬರೆದಿಡಿ. ನನ್ನ ಚೀಟಿಯಲ್ಲಿ 22,500 ಹಾಗೇ ಇದೆ. ಮುಂದಿನ ಸಭೆಗೆ ಬರುವಾಗ ನಿಮ್ಮ ಚೀಟಿಯನ್ನೂ ತನ್ನಿ, ಎಲ್ಲ ಕೂಡಿಸೋಣ.